ಖಾಲಿ ಕಂಪ್ಯೂಟರ್ ಇದೆಯಾ? ಲೈಬ್ರರಿ ಕಾಮನ್ಸ್‌ಗೆ ವೆಬ್‌ಸೈಟ್ ಯೋಜಿಸುವ ಬಗೆ

ರಾತ್ರಿ ಒಂಬತ್ತೂವರೆ. ಹನ್ನೆರಡರೊಳಗೆ ಪ್ರಾಜೆಕ್ಟ್ ವರದಿ ಅಪ್‌ಲೋಡ್ ಆಗಬೇಕು. ಅಷ್ಟರಲ್ಲಿ ಲ್ಯಾಪ್‌ಟಾಪ್ ಕೈಕೊಟ್ಟಿದೆ. ಹಾಸ್ಟೆಲ್ ಮೆಟ್ಟಿಲ ಮೇಲೆ ನಿಂತ ಹುಡುಗಿ ಫೋನ್‌ನಲ್ಲಿ ವಿಶ್ವವಿದ್ಯಾಲಯದ ಲೈಬ್ರರಿ ವೆಬ್‌ಸೈಟ್ ತೆರೆಯುತ್ತಾಳೆ. ಅವಳಿಗೆ ಬೇಕಿರುವುದು ಮೂರೇ ಉತ್ತರ. ಕಂಪ್ಯೂಟರ್ ಹಾಲ್ ಈಗ ತೆರೆದಿದೆಯಾ? ಒಂದಾದರೂ ಕಂಪ್ಯೂಟರ್ ಖಾಲಿ ಇದೆಯಾ? ಅದರಲ್ಲಿ ತನಗೆ ಬೇಕಾದ ಸಾಫ್ಟ್‌ವೇರ್ ಇದೆಯಾ?

ಪರದೆ ಮೇಲೆ ಬರುವುದೇ ಬೇರೆ. ಮೊದಲು ಕಟ್ಟಡದ ದೊಡ್ಡ ಫೋಟೋ. ಅದರ ಕೆಳಗೆ ಮುಖ್ಯಸ್ಥರ ಸಂದೇಶ. ಅದರ ಕೆಳಗೆ ಯಾವತ್ತೋ ಮುಗಿದ ಕಾರ್ಯಾಗಾರದ ಸುದ್ದಿ. ಸಮಯದ ಪಟ್ಟಿ ಯಾವುದೋ ಪಿಡಿಎಫ್ ಒಳಗೆ ಅಡಗಿ ಕೂತಿದೆ. ಹುಡುಗಿ ಫೋನ್ ಜೇಬಿಗೆ ಹಾಕಿಕೊಂಡು ನಡೆದೇ ಹೊರಡುತ್ತಾಳೆ, ಹೋಗಿ ನೋಡಿಯೇ ಬಿಡೋಣ ಅಂತ.

ಇಂಥ ಜಾಗಕ್ಕೆ ವೆಬ್‌ಸೈಟ್ ಮಾಡಲು ಹೊರಟವರು ಮೊದಲು ಬಸ್ ನಿಲ್ದಾಣದ ಬೋರ್ಡನ್ನು ನೆನಪಿಸಿಕೊಳ್ಳಬೇಕು. ಆ ಬೋರ್ಡ್ ಮುಂದೆ ನಿಂತವನಿಗೆ ಸಾರಿಗೆ ಸಂಸ್ಥೆಯ ಇತಿಹಾಸ ಬೇಡ. ಬಸ್ ಎಷ್ಟು ಹೊತ್ತಿಗೆ, ಯಾವ ಅಂಕಣದಲ್ಲಿ, ಹೊರಟುಹೋಯಿತಾ, ಇಷ್ಟೇ ಬೇಕು. ಕಂಪ್ಯೂಟರ್ ಹಾಲ್‌ನ ವೆಬ್‌ಸೈಟ್ ಕೂಡ ಅಂಥ ಬೋರ್ಡೇ. ನೋಡಲು ಇದು ಸಣ್ಣ ಕೆಲಸ. ಮಾಡಲು ಕೂತಾಗ ಮಾತ್ರ ಅದರ ಗಂಟುಗಳು ಒಂದೊಂದೇ ಕಾಣುತ್ತವೆ.

ಗೋಮಾಳದಂಥ ಜಾಗ

ಲೈಬ್ರರಿಯೊಳಗಿನ ಈ ಹಂಚಿಕೆಯ ಕಂಪ್ಯೂಟರ್ ಜಾಗಕ್ಕೆ ಇನ್ಫರ್ಮೇಷನ್ ಕಾಮನ್ಸ್ ಅಥವಾ ಲರ್ನಿಂಗ್ ಕಾಮನ್ಸ್ ಎಂಬ ಹೆಸರಿದೆ. ಕಾಮನ್ಸ್ ಅಂದರೆ ಹೆಚ್ಚು ಕಡಿಮೆ ನಮ್ಮ ಗೋಮಾಳ. ಯಾರೊಬ್ಬರದೂ ಅಲ್ಲ, ಎಲ್ಲರದೂ ಹೌದು. 1992ರಲ್ಲಿ ಅಮೆರಿಕದ ಐಯೋವಾ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಇನ್ಫರ್ಮೇಷನ್ ಆರ್ಕೇಡ್ ಎಂಬ ಹೆಸರಿನ ಜಾಗ ಶುರುವಾಯಿತು. 1994ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲೀವಿ ಲೈಬ್ರರಿ ತೆರೆದಾಗ ಅದರೊಳಗೂ ಒಂದು ಕಾಮನ್ಸ್ ಇತ್ತು. ಆಮೇಲೆ ಬೇರೆ ಬೇರೆ ದೇಶಗಳಿಗೆ ಹಬ್ಬಿತು.

ಕಂಪ್ಯೂಟರ್ ಲ್ಯಾಬ್‌ಗೂ ಇದಕ್ಕೂ ವ್ಯತ್ಯಾಸವಿದೆ. ಲ್ಯಾಬ್‌ನಲ್ಲಿ ಸಾಲಾಗಿ ಕಂಪ್ಯೂಟರ್ ಇಟ್ಟಿರುತ್ತಾರೆ, ಅಷ್ಟೇ. ಕಾಮನ್ಸ್‌ನಲ್ಲಿ ಕಂಪ್ಯೂಟರ್ ಜೊತೆಗೆ ಗುಂಪಾಗಿ ಕೂರುವ ಕೋಣೆ, ಸ್ಕ್ಯಾನರ್, ಪ್ರಿಂಟರ್, ಸಾಲಕ್ಕೆ ಕೊಡುವ ಲ್ಯಾಪ್‌ಟಾಪ್ ಮತ್ತು ಚಾರ್ಜರ್ ಎಲ್ಲ ಇರುತ್ತವೆ. ಪುಸ್ತಕ ಹುಡುಕಿಕೊಡುವವರೂ ಪಾಸ್‌ವರ್ಡ್ ಸರಿಮಾಡಿಕೊಡುವವರೂ ಒಂದೇ ಕಡೆ ಸಿಗುತ್ತಾರೆ. ಓದಿ, ಲೆಕ್ಕ ಹಾಕಿ, ಬರೆದು, ಪ್ರಿಂಟ್ ತೆಗೆದು ಹೊರಬರುವವರೆಗೆ ಕಟ್ಟಡ ಬದಲಿಸಬೇಕಿಲ್ಲ.

ಈ ವಿಷಯದಲ್ಲಿ ಮೊದಮೊದಲು ಬರೆದವರಲ್ಲಿ ಗ್ರಂಥಪಾಲಕ ಡೊನಾಲ್ಡ್ ಬೀಗಲ್ ಒಬ್ಬರು. 1999ರ ಲೇಖನವೊಂದರಲ್ಲಿ ಅವರು ಕಾಮನ್ಸ್ ಎಂಬ ಪದಕ್ಕೆ ಎರಡು ಅರ್ಥ ಕೊಟ್ಟಿದ್ದರು. ಒಂದು, ಎಲ್ಲ ಡಿಜಿಟಲ್ ಸೇವೆಗಳೂ ಒಂದೇ ಕಡೆಯಿಂದ ಸಿಗುವ ಆನ್‌ಲೈನ್ ಜಾಗ. ಇನ್ನೊಂದು, ಅದರ ಸುತ್ತ ಕಟ್ಟಿದ ನಿಜವಾದ ಹಾಲ್. ಗಮನಿಸಿ, ವೆಬ್‌ಸೈಟ್ ಅನ್ನುವುದು ಹಾಲ್ ಕಟ್ಟಿದ ಮೇಲೆ ಅಂಟಿಸುವ ಬೋರ್ಡಿನಂತೆ ಅಲ್ಲಿ ಬರುವುದಿಲ್ಲ. ಅದು ಜಾಗದ ಅರ್ಧ ಭಾಗ. ಎಷ್ಟೋ ಕಡೆ ಈ ಅರ್ಧ ಮರೆತೇ ಹೋಗುತ್ತದೆ. ಕುರ್ಚಿಯ ಬಣ್ಣಕ್ಕೆ ಮೂರು ಸಭೆ ನಡೆಯುತ್ತವೆ. ವೆಬ್‌ಸೈಟ್ ಕೆಲಸ ಉದ್ಘಾಟನೆಗೆ ಎರಡು ವಾರ ಇರುವಾಗ ಯಾರದೋ ತಲೆಗೆ ಬೀಳುತ್ತದೆ.

ಇಬ್ಬರು ಯಜಮಾನರು

ಕಷ್ಟದ ಬೇರು ತಂತ್ರಜ್ಞಾನದಲ್ಲಿಲ್ಲ. ಸಾಮಾನ್ಯವಾಗಿ ಕಟ್ಟಡ ಲೈಬ್ರರಿಯದು, ಕಂಪ್ಯೂಟರ್ ಐಟಿ ವಿಭಾಗದ್ದು. ಪ್ರಿಂಟರ್ ಎಷ್ಟೋ ಕಡೆ ಮೂರನೆಯವರ ಗುತ್ತಿಗೆ. ಒಬ್ಬೊಬ್ಬರಿಗೂ ಒಂದೊಂದು ವೆಬ್‌ಸೈಟ್ ಮೊದಲೇ ಇದೆ. ಹೊಸದನ್ನು ಮಾಡಲು ಹೇಳಿದರೆ ಪ್ರತಿ ವಿಭಾಗವೂ ತನ್ನ ಪಾಲಿನ ಪುಟ ಬರೆದು ಕಳಿಸುತ್ತದೆ. ಎಲ್ಲವನ್ನೂ ಜೋಡಿಸಿದಾಗ ಮೆನುವಿನಲ್ಲಿ ಕಚೇರಿಯ ನಕ್ಷೆಯೇ ಮೂಡುತ್ತದೆ: ಲೈಬ್ರರಿ ಸೇವೆಗಳು, ಐಟಿ ಸೇವೆಗಳು, ಮುದ್ರಣ ಸೇವೆಗಳು.

ಮೆಲ್ವಿನ್ ಕಾನ್ವೇ ಎಂಬ ಪ್ರೋಗ್ರಾಮರ್ 1968ರಲ್ಲೇ ಇದನ್ನು ಬರೆದಿದ್ದರು. ಯಾವ ಸಂಸ್ಥೆ ಏನೇ ವ್ಯವಸ್ಥೆ ರೂಪಿಸಿದರೂ, ಆ ಸಂಸ್ಥೆಯೊಳಗೆ ಯಾರು ಯಾರ ಜೊತೆ ಮಾತಾಡುತ್ತಾರೋ ಅದರ ಅಚ್ಚೇ ವ್ಯವಸ್ಥೆಯಲ್ಲೂ ಬೀಳುತ್ತದೆ ಎಂಬುದು ಅವರ ಮಾತು. ಈಗ ಅದನ್ನು ಕಾನ್ವೇ ನಿಯಮ ಎನ್ನುತ್ತಾರೆ. ಅಲ್ಲಿ ಹೇಳಿದ್ದು ತಾಂತ್ರಿಕ ವ್ಯವಸ್ಥೆಗಳ ಬಗ್ಗೆ. ಆದರೆ ಲೈಬ್ರರಿ ವೆಬ್‌ಸೈಟ್‌ಗಳ ಮೆನು ನೋಡಿದಾಗಲೆಲ್ಲ ನನಗೆ ಅದೇ ನೆನಪಾಗುತ್ತದೆ.

ಸ್ಕ್ಯಾನ್ ಮಾಡಲು ಬಂದವನಿಗೆ ಸ್ಕ್ಯಾನರ್ ಲೈಬ್ರರಿಯದೋ ಐಟಿಯದೋ ಯಾಕೆ ಗೊತ್ತಿರಬೇಕು? ಅವನ ಬಾಯಲ್ಲಿರುವುದು 'ಸ್ಕ್ಯಾನ್' ಎಂಬ ಒಂದೇ ಪದ. ಹಾಗಾಗಿ ಮೆನುವಿನಲ್ಲೂ ಅದೇ ಇರಬೇಕು. ಪ್ರಿಂಟ್ ತೆಗೆಯಿರಿ, ಕೋಣೆ ಬುಕ್ ಮಾಡಿ, ಸಾಫ್ಟ್‌ವೇರ್ ಹುಡುಕಿ, ಸಹಾಯ ಕೇಳಿ. ಲೈಬ್ರರಿಯವರಿಗೆ ಓಪ್ಯಾಕ್ (ಪುಸ್ತಕಗಳ ಆನ್‌ಲೈನ್ ಪಟ್ಟಿ), ಸರ್ಕ್ಯುಲೇಷನ್ (ಪುಸ್ತಕ ಕೊಡುವುದು, ವಾಪಸ್ ಪಡೆಯುವುದು), ರೆಫರೆನ್ಸ್ ಎಲ್ಲ ದಿನಬಳಕೆಯ ಮಾತು. ಮೊದಲ ವರ್ಷದ ವಿದ್ಯಾರ್ಥಿಗೆ ಓಪ್ಯಾಕ್ ಅಂದರೆ ಏನಂತಲೂ ತಿಳಿಯದು. ಐಟಿಯವರದೂ ಇದೇ ಕಥೆ. 'ಎಂಡ್‌ಪಾಯಿಂಟ್ ಸೇವೆಗಳು' ಅಂತ ಬರೆದು, ಯಾರೂ ಕ್ಲಿಕ್ ಮಾಡುತ್ತಿಲ್ಲ ಎಂದು ಬೇಸರ ಪಡುತ್ತಾರೆ.

ಗೋಡೆಗೆ ಅಂಟಿಸಿದ ಚೀಟಿಗಳು

ಹಾಗಾದರೆ ಜನ ಏನು ಕೇಳುತ್ತಾರೆ ಎಂದು ತಿಳಿಯುವುದು ಹೇಗೆ? ಸಭೆಯಲ್ಲಿ ಕೂತು ಊಹಿಸಿದರೆ ಮುಖಪುಟದ ತುಂಬ ಸುದ್ದಿಯೇ ತುಂಬಿಕೊಳ್ಳುತ್ತದೆ. ಅದಕ್ಕಿಂತ ಸುಲಭದ ದಾರಿ ಇದೆ. ಸಹಾಯದ ಕೌಂಟರ್ ಪಕ್ಕದಲ್ಲಿ ಒಂದೆರಡು ವಾರ ಒಂದು ನೋಟ್‌ಬುಕ್ ಇಡಿ. ಬಂದ ಪ್ರತಿ ಪ್ರಶ್ನೆಯನ್ನೂ ಕೇಳಿದ ಮಾತಿನಲ್ಲೇ ಬರೆದುಕೊಳ್ಳಿ, ಪಕ್ಕದಲ್ಲಿ ಹೊತ್ತು ಹಾಕಿ. ಸೆಮಿಸ್ಟರ್ ಶುರುವಿನಲ್ಲಿ ಒಮ್ಮೆ, ಪರೀಕ್ಷೆ ಹತ್ತಿರ ಬಂದಾಗ ಇನ್ನೊಮ್ಮೆ ಮಾಡಬೇಕು. ಶುರುವಿನ ಪ್ರಶ್ನೆಗಳು ಲಾಗಿನ್ ಮತ್ತು ವೈಫೈ ಸುತ್ತ, ಕೊನೆಯವು ಪ್ರಿಂಟ್ ಮತ್ತು ಜಾಗದ ಸುತ್ತ ಇರುತ್ತವೆ. ಒಂದೇ ಸಲ ನೋಡಿದರೆ ಅರ್ಧ ಚಿತ್ರವೇ ಸಿಗುವುದು.

ಇನ್ನೊಂದು ಕೆಲಸ ನನಗೆ ಬಹಳ ಇಷ್ಟ. ಫೋನ್ ಹಿಡಿದು ಹಾಲ್ ಪೂರ್ತಿ ಒಂದು ಸುತ್ತು ಹಾಕುವುದು. ಕಂಪ್ಯೂಟರ್, ಪ್ರಿಂಟರ್, ಬಾಗಿಲು, ಕಂಬ, ಎಲ್ಲೆಲ್ಲಿ ಕಾಗದ ಅಂಟಿಸಿದ್ದಾರೋ ಅದರ ಫೋಟೋ ತೆಗೆಯುವುದು. 'ಎರಡೂ ಬದಿ ಪ್ರಿಂಟ್ ಬೇಕಿದ್ದರೆ ಮೊದಲು ಇಲ್ಲಿ ಒತ್ತಿ.' 'ಯುಎಸ್‌ಬಿ ಮರೆತು ಹೋಗಬೇಡಿ.' 'ಈ ಸ್ಕ್ಯಾನರ್ ಇಮೇಲ್‌ಗೆ ಮಾತ್ರ ಕಳಿಸುತ್ತದೆ.' ಒಂದೊಂದು ಚೀಟಿಯ ಹಿಂದೆಯೂ ನೂರು ಸಲ ಒಂದೇ ಉತ್ತರ ಹೇಳಿ ಸುಸ್ತಾದ ಒಬ್ಬ ಸಿಬ್ಬಂದಿ ಇದ್ದಾರೆ. ಅದಕ್ಕಿಂತ ನಂಬಿಕಸ್ತ ಸಮೀಕ್ಷೆ ಬೇರೆ ಇಲ್ಲ.

ಹಳೆಯ ವೆಬ್‌ಸೈಟ್‌ನ ಹುಡುಕು ಪೆಟ್ಟಿಗೆಯಲ್ಲಿ ಜನ ಟೈಪ್ ಮಾಡಿದ ಪದಗಳೂ ಸಿಕ್ಕರೆ ಇನ್ನೂ ಒಳ್ಳೆಯದು. ಏನು ಹುಡುಕಿದರು, ಏನೂ ಸಿಗದೆ ವಾಪಸ್ ಹೋದರು ಎಂಬುದು ಅಲ್ಲಿ ಗೊತ್ತಾಗುತ್ತದೆ.

ಈ ಮೂರನ್ನೂ ಒಂದು ಮೇಜಿನ ಮೇಲೆ ಹರಡಿದರೆ ಮುಖಪುಟ ತಾನಾಗಿ ಮೂಡುತ್ತದೆ. ಎಸ್. ಆರ್. ರಂಗನಾಥನ್ 1931ರಲ್ಲಿ ಕೊಟ್ಟ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಿ ಎನ್ನುತ್ತದೆ. ಫೋನ್ ಪರದೆಯ ಮೊದಲ ಅಂಗೈಯಗಲದ ಜಾಗಕ್ಕೆ ಈ ಸೂತ್ರ ಹಚ್ಚಿ ನೋಡಿ. ಅಲ್ಲಿ ಉಳಿಯುವುದು ತೆರೆದಿದೆಯಾ, ಜಾಗ ಇದೆಯಾ ಎಂಬೆರಡರ ಉತ್ತರ, ಜೊತೆಗೆ ನಾಲ್ಕೈದು ಬಟನ್. ಮುಖ್ಯಸ್ಥರ ಸಂದೇಶಕ್ಕೆ 'ನಮ್ಮ ಬಗ್ಗೆ' ಪುಟವಿದೆ, ಅಲ್ಲೇ ಇರಲಿ.

ತೆರೆದಿದೆಯಾ?

ಇದಕ್ಕಿಂತ ಸುಲಭದ ಪ್ರಶ್ನೆ ಇರಲಿಕ್ಕಿಲ್ಲ ಅನ್ನಿಸುತ್ತೆ, ಅಲ್ವಾ? ಹಾಗೆ ಅಂದುಕೊಂಡವರೇ ಜಾಸ್ತಿ ಎಡವುತ್ತಾರೆ.

ಮೊದಲನೆಯದಾಗಿ, ಕಾಮನ್ಸ್‌ಗೆ ಒಂದೇ ಗಡಿಯಾರ ಇರುವುದಿಲ್ಲ. ಕಟ್ಟಡ ಮಧ್ಯರಾತ್ರಿವರೆಗೆ ತೆರೆದಿರಬಹುದು, ಸಹಾಯದ ಕೌಂಟರ್ ಎಂಟಕ್ಕೇ ಮುಚ್ಚಬಹುದು. ಲ್ಯಾಪ್‌ಟಾಪ್ ಸಾಲ ಕೊಡುವುದು ಏಳಕ್ಕೇ ನಿಲ್ಲಬಹುದು. ಕಟ್ಟಡದ ಸಮಯ ಮಾತ್ರ ಹಾಕಿದರೆ ರಾತ್ರಿ ಹತ್ತಕ್ಕೆ ಪಾಸ್‌ವರ್ಡ್ ಮರೆತು ಬಂದವನು ಖಾಲಿ ಕೌಂಟರ್ ನೋಡುತ್ತ ನಿಲ್ಲಬೇಕಾಗುತ್ತದೆ.

ಎರಡನೆಯದು ಮಧ್ಯರಾತ್ರಿಯ ಗಂಟು. ಪರೀಕ್ಷೆ ಕಾಲದಲ್ಲಿ ಸೋಮವಾರ ಬೆಳಿಗ್ಗೆ 8ಕ್ಕೆ ತೆರೆದು ರಾತ್ರಿ 2ಕ್ಕೆ ಮುಚ್ಚುತ್ತಾರೆ ಎನ್ನಿ. ರಾತ್ರಿ 1 ಗಂಟೆಗೆ ಒಬ್ಬ ವೆಬ್‌ಸೈಟ್ ನೋಡುತ್ತಾನೆ. ಕ್ಯಾಲೆಂಡರ್ ಪ್ರಕಾರ ಅಷ್ಟೊತ್ತಿಗೆ ಮಂಗಳವಾರ ಆಗಿದೆ. ಪ್ರೋಗ್ರಾಂ ಮಂಗಳವಾರದ ಸಾಲು ನೋಡಿ 'ಬೆಳಿಗ್ಗೆ 8ಕ್ಕೆ ತೆರೆಯುತ್ತದೆ' ಎನ್ನುತ್ತದೆ. ಆ ಹೊತ್ತಿಗೆ ಒಳಗೆ ದೀಪ ಉರಿಯುತ್ತಿದೆ, ಜನ ಓದುತ್ತಿದ್ದಾರೆ. ಹಿಂದಿನ ದಿನದ ಸಾಲನ್ನೂ ನೋಡು ಎಂದು ಪ್ರೋಗ್ರಾಂಗೆ ಹೇಳಿಕೊಡಬೇಕು. ವೆಬ್‌ಸೈಟ್ ಒಪ್ಪಿಸಿಕೊಳ್ಳುವ ಮೊದಲು ಇದನ್ನು ರಾತ್ರಿ ಒಂದಕ್ಕೆ ತೆರೆದು ನೋಡುವುದು ಒಳ್ಳೆಯದು.

ಮೂರನೆಯದು ನಕಲು. ಅದೇ ಸಮಯ ಬಾಗಿಲ ಮೇಲೆ, ವೆಬ್‌ಸೈಟ್‌ನಲ್ಲಿ, ಮ್ಯಾಪ್ ಆ್ಯಪ್‌ನಲ್ಲಿ, ವಿಶ್ವವಿದ್ಯಾಲಯದ ಮುಖ್ಯ ಪುಟದಲ್ಲಿ ಹೀಗೆ ನಾಲ್ಕು ಕಡೆ ಇರುತ್ತದೆ. ರಜೆ ಬಂದಾಗ ಎರಡು ಕಡೆ ಬದಲಾಗಿ ಎರಡು ಕಡೆ ಹಾಗೇ ಉಳಿಯುತ್ತದೆ. ಸಮಯವನ್ನು ಒಂದೇ ಕಡೆ ಬರೆದು, ಉಳಿದವೆಲ್ಲ ಅಲ್ಲಿಂದಲೇ ಓದಿಕೊಳ್ಳುವಂತೆ ಮಾಡುವುದು ಇದಕ್ಕೆ ಮದ್ದು. ಕೈಯಲ್ಲಿ ಬರೆದ ಬಾಗಿಲ ಬೋರ್ಡ್ ಮಾತ್ರ ಹೊರತು. ಅದಕ್ಕೆ ಮನುಷ್ಯರೇ ಬೇಕು.

ಖಾಲಿ ಎಂಬ ಪದ

ಇಡೀ ವೆಬ್‌ಸೈಟ್‌ನಲ್ಲಿ ಜನ ಜಾಸ್ತಿ ನೋಡುವುದು, ಮಾಡುವವರಿಗೆ ಜಾಸ್ತಿ ತಲೆನೋವು ಕೊಡುವುದು ಎರಡೂ ಇದೇ. 'ಕೆಳ ಮಹಡಿ: 80ರಲ್ಲಿ 23 ಖಾಲಿ.' ಈ ಒಂದು ಸಾಲು ಹೇಗೆ ಬರುತ್ತದೆ ನೋಡೋಣ.

ಮೂಲ ಉಪಾಯ ಸರಳ. ಪ್ರತಿ ಕಂಪ್ಯೂಟರ್‌ನಲ್ಲೂ ಒಂದು ಸ್ಕ್ರಿಪ್ಟ್, ಅಂದರೆ ತಾನಾಗಿ ನಡೆಯುವ ಪುಟ್ಟ ಪ್ರೋಗ್ರಾಂ ಇರುತ್ತದೆ. ಯಾರಾದರೂ ಲಾಗಿನ್ ಆದ ಕೂಡಲೇ ಅದು ಸರ್ವರ್‌ಗೆ ಸುದ್ದಿ ಕಳಿಸುತ್ತದೆ: ಕಂಪ್ಯೂಟರ್ 41, ಬಳಕೆಯಲ್ಲಿದೆ. ಲಾಗೌಟ್ ಆದಾಗ ಇನ್ನೊಂದು: ಕಂಪ್ಯೂಟರ್ 41, ಖಾಲಿ. ಸರ್ವರ್‌ನಲ್ಲಿ ಒಂದು ಪಟ್ಟಿ. ವೆಬ್ ಪುಟ ಆ ಪಟ್ಟಿ ಎಣಿಸಿ ತೋರಿಸುತ್ತದೆ. ಮುಗಿಯಿತು.

ಮುಗಿಯುವುದಿಲ್ಲ. ಕಂಪ್ಯೂಟರ್ 41ರಲ್ಲಿ ಕೂತಿದ್ದವನು ಲಾಗೌಟ್ ಮಾಡದೆ ಪವರ್ ಬಟನ್ ಒತ್ತಿಹಿಡಿದು ಆರಿಸಿದ ಎನ್ನಿ, ಅಥವಾ ಕರೆಂಟ್ ಹೋಯಿತು ಎನ್ನಿ. ಎರಡನೆಯ ಸುದ್ದಿ ಹೋಗುವುದೇ ಇಲ್ಲ. ಪಟ್ಟಿಯಲ್ಲಿ ಆ ಕಂಪ್ಯೂಟರ್ ಯಾರೂ ಇಲ್ಲದೆಯೂ ಬಳಕೆಯಲ್ಲೇ ಇರುತ್ತದೆ, ದಿನಗಟ್ಟಲೆ. ಅದಕ್ಕೆ ಸ್ಕ್ರಿಪ್ಟ್ ಒಂದೆರಡು ನಿಮಿಷಕ್ಕೊಮ್ಮೆ 'ಇದ್ದೇನೆ' ಎಂದು ಸುಮ್ನೆ ದನಿಗೊಡಬೇಕು. ಐದು ನಿಮಿಷ ದನಿ ಕೇಳದಿದ್ದರೆ ಸರ್ವರ್ ಅದನ್ನು 'ಗೊತ್ತಿಲ್ಲ' ಎಂಬ ಮೂರನೆಯ ಸಾಲಿಗೆ ಹಾಕಬೇಕು.

ಆರಿಸಿದ ಕಂಪ್ಯೂಟರ್ ಎಲ್ಲಿಗೆ ಸೇರಬೇಕು? ಕರೆಂಟ್ ಉಳಿಸಲು ರಾತ್ರಿ ಎಲ್ಲವನ್ನೂ ತಾನಾಗಿ ಆರುವಂತೆ ಇಟ್ಟಿರುತ್ತಾರೆ. ಬೆಳಿಗ್ಗೆ ಬಾಗಿಲು ತೆರೆದಾಗ ಹಾಲ್ ಖಾಲಿ, ವೆಬ್‌ಸೈಟ್ ಮಾತ್ರ 'ಖಾಲಿ: 0' ಎನ್ನುತ್ತದೆ. ಆರಿದ್ದೂ ಖಾಲಿಯೇ ಎಂದು ಎಣಿಸಿದರೆ ಇನ್ನೊಂದು ಪೇಚು. ಕೆಟ್ಟು ನಿಂತ ಕಂಪ್ಯೂಟರ್ ಕೂಡ ಆರಿಯೇ ಇರುತ್ತದೆ. ಆದ್ದರಿಂದ 'ಕೆಟ್ಟಿದೆ' ಎಂಬ ಗುರುತು ಬೇರೆಯಾಗಿ ಬೇಕು, ಮತ್ತು ಹಾಲ್‌ನಲ್ಲಿ ಓಡಾಡುವ ಸಿಬ್ಬಂದಿ ಅದನ್ನು ತಮ್ಮ ಫೋನ್‌ನಿಂದಲೇ ಒತ್ತುವಂತಿರಬೇಕು. ಫಾರ್ಮ್ ತುಂಬಿ ಐಟಿಗೆ ಕಳಿಸಬೇಕು ಎಂದರೆ ಯಾರೂ ಒತ್ತುವುದಿಲ್ಲ.

ಆಮೇಲೆ ಪರದೆ ಲಾಕ್ ಮಾಡಿ, ಕುರ್ಚಿ ಮೇಲೆ ಬ್ಯಾಗ್ ಇಟ್ಟು ಊಟಕ್ಕೆ ಹೋದವರು. ಬಸ್ ಸೀಟಿಗೆ ಟವೆಲ್ ಹಾಕಿದ ಹಾಗೆ. ಇದನ್ನು ಯಾವ ಸ್ಕ್ರಿಪ್ಟೂ ಬಿಡಿಸಲಾರದು. ಲಾಕ್ ಆಗಿ 20 ನಿಮಿಷವಾದರೆ ತಾನಾಗಿ ಲಾಗೌಟ್ ಆಗಲಿ ಎಂದು ಇಡಬಹುದು. ಆದರೆ ಸೇವ್ ಮಾಡದ ಕೆಲಸ ಹಾಳಾದರೆ ಬೈಗುಳ ಯಾರಿಗೆ? 20 ನಿಮಿಷವೋ 40 ನಿಮಿಷವೋ, ಮೊದಲೇ ಎಚ್ಚರಿಕೆ ಕೊಡಬೇಕೋ, ಇದನ್ನು ಲೈಬ್ರರಿಯೇ ಕೂತು ತೀರ್ಮಾನಿಸಬೇಕು. ವೆಬ್‌ಸೈಟ್ ಯೋಜಿಸಲು ಕೂತವರು ಹೀಗೆ ಹಾಲ್‌ನ ನಿಯಮಗಳಿಗೇ ಬಂದು ಮುಟ್ಟುತ್ತಾರೆ. ಮುಟ್ಟಲಿಲ್ಲ ಎಂದರೆ ಯೋಜನೆ ಇನ್ನೂ ಆಳಕ್ಕೆ ಇಳಿದಿಲ್ಲ ಎಂದೇ ಅರ್ಥ.

ಅಂಕಿ ಸರಿ ಬಂತು ಎನ್ನಿ. ಅದು ಎಷ್ಟು ಹೊತ್ತಿನ ಹಿಂದಿನದು? ವೇಗಕ್ಕಾಗಿ ವೆಬ್ ಸರ್ವರ್‌ಗಳು ಪುಟದ ನಕಲನ್ನು ಇಟ್ಟುಕೊಂಡು ಅದನ್ನೇ ಎಲ್ಲರಿಗೂ ಕೊಡುತ್ತವೆ. ಸಮಯದ ಪುಟಕ್ಕೆ ಅದು ಸರಿ. ಖಾಲಿ ಲೆಕ್ಕಕ್ಕೆ ಹತ್ತು ನಿಮಿಷದ ಹಳೆಯ ನಕಲು ಅಂದರೆ ಸುಳ್ಳು. ಹಾಗಂತ ಪ್ರತಿ ಸೆಕೆಂಡಿಗೂ ಎಣಿಸಬೇಕಾಗಿಲ್ಲ, 30ರಿಂದ 60 ಸೆಕೆಂಡಿಗೊಮ್ಮೆ ಸಾಕು. ಅಂಕಿಯ ಪಕ್ಕದಲ್ಲೇ 'ಒಂದು ನಿಮಿಷದ ಹಿಂದಿನ ಲೆಕ್ಕ' ಎಂದು ಸಣ್ಣಕ್ಷರದಲ್ಲಿ ಬರೆದಿರಬೇಕು. ಸ್ಕ್ರಿಪ್ಟ್‌ಗಳ ಸುದ್ದಿ ಬರುವುದೇ ನಿಂತರೆ ಅಂಕಿಯನ್ನೇ ತೆಗೆದುಬಿಡಬೇಕು. ತಪ್ಪು ಅಂಕಿ ನಂಬಿ ಒಮ್ಮೆ ನಡೆದು ಬಂದವರು ಮುಂದೆ ಸರಿಯಾದದ್ದನ್ನೂ ನಂಬುವುದಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. 80ರಲ್ಲಿ 2 ಖಾಲಿ ಎಂಬುದು ನಿಜವೇ ಇರಬಹುದು, ಆದರೆ ಹತ್ತು ನಿಮಿಷ ನಡೆದು ಬರುವವರಿಗೆ ಅದರಿಂದ ಉಪಯೋಗವಿಲ್ಲ. ಅವರು ಬರುವಷ್ಟರಲ್ಲಿ ಆ ಎರಡೂ ಹೋಗಿರುತ್ತವೆ. ಲೆಕ್ಕ ತೀರ ಕಡಿಮೆಯಾದಾಗ 'ಹೆಚ್ಚು ಕಡಿಮೆ ತುಂಬಿದೆ' ಎಂದು ಮಾತಿನಲ್ಲಿ ಹೇಳಿ, ಯಾವ ಹೊತ್ತಿಗೆ ಸಾಮಾನ್ಯವಾಗಿ ಖಾಲಿ ಇರುತ್ತದೆ ಎಂಬ ಅಂದಾಜು ಕೊಟ್ಟರೆ ಜಾಸ್ತಿ ಸಹಾಯ. ಹತ್ತು ಗಂಟೆಗೆ ಅಲ್ಲಿ ತರಗತಿ ಇದ್ದರೆ 'ಹತ್ತರವರೆಗೆ ಮಾತ್ರ' ಎಂದೂ ಸೇರಿಸಬೇಕು.

ಈ ಪಟ್ಟಿಯಲ್ಲಿ ಯಾರು ಲಾಗಿನ್ ಆದರು ಎಂಬ ಹೆಸರು ಬೇಕಾಗಿಯೇ ಇಲ್ಲ. ಬೇಕಿಲ್ಲದ್ದನ್ನು ಕೂಡಿಡದಿರುವುದೇ ಕ್ಷೇಮ. ಯಾರು ಯಾವ ದಿನ ಎಷ್ಟು ಹೊತ್ತು ಎಲ್ಲಿ ಕೂತಿದ್ದರು ಎಂಬ ದಾಖಲೆ ಇದ್ದರೆ, ಅದನ್ನು ಕೇಳಿಕೊಂಡು ಬರುವವರು ಒಂದು ದಿನ ಬಂದೇ ಬರುತ್ತಾರೆ.

ಕೆಲವರು ಅಂಕಿಯ ಬದಲು ಹಾಲ್‌ನ ನಕ್ಷೆ ಹಾಕುತ್ತಾರೆ. ಖಾಲಿ ಇದ್ದದ್ದು ಹಸಿರು ಚುಕ್ಕೆ, ಇಲ್ಲದ್ದು ಕೆಂಪು. ನೋಡಲು ಚೆಂದ. ಆದರೆ ಉತ್ತರ ಯೂರೋಪ್ ಮೂಲದ ಗಂಡಸರಲ್ಲಿ ಸುಮಾರು 12ಕ್ಕೆ ಒಬ್ಬರಿಗೆ ಕೆಂಪು ಹಸಿರಿನ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ, ಬೇರೆ ಕಡೆಯೂ ಇಂಥವರು ಇದ್ದೇ ಇದ್ದಾರೆ. ಅವರಿಗೆ ಅದು ಒಂದೇ ಬಣ್ಣದ ಎಂಬತ್ತು ಚುಕ್ಕೆ. ಖಾಲಿ ಇದ್ದದ್ದಕ್ಕೆ ಬರೀ ವೃತ್ತ, ತುಂಬಿದ್ದಕ್ಕೆ ಒಳಗೆ ಗುಣಿಸುವ ಗುರುತು ಎಂದು ಆಕಾರವನ್ನೂ ಬದಲಿಸಿದರೆ ಸಾಕು. ನಕ್ಷೆಯ ಕೆಳಗೆ ಅದೇ ಲೆಕ್ಕ ಅಕ್ಷರದಲ್ಲೂ ಇರಲಿ, ಪರದೆ ಓದಿ ಹೇಳುವ ಎನ್‌ವಿಡಿಎಯಂಥ ಸಾಫ್ಟ್‌ವೇರ್ ಬಳಸುವವರಿಗೆ ನಕ್ಷೆಯ ಚುಕ್ಕೆಗಳು ಏನನ್ನೂ ಹೇಳುವುದಿಲ್ಲ.

ವೆಬ್‌ಸೈಟ್ ಎಲ್ಲರಿಗೂ ಬಳಸಲು ಬರುವಂತೆ ಮಾಡುವ ಅಂತರರಾಷ್ಟ್ರೀಯ ಮಾರ್ಗಸೂಚಿಗೆ ಡಬ್ಲ್ಯುಸಿಎಜಿ ಎಂದು ಹೆಸರು. ಅದರ 2.2ನೆಯ ಆವೃತ್ತಿ 2023ರಲ್ಲಿ ಬಂತು. ಬಣ್ಣವೊಂದರಿಂದಲೇ ಮಾಹಿತಿ ಹೇಳಬೇಡಿ ಎಂಬುದು ಅದರ ಒಂದು ನಿಯಮ. ಅದರ ಮೂರು ಮಟ್ಟಗಳಲ್ಲಿ ಎರಡನೆಯದರ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನ ಅನುಪಾತ ಕನಿಷ್ಠ 4.5ಕ್ಕೆ 1 ಇರಬೇಕು, ಒತ್ತುವ ಜಾಗ ಸಾಮಾನ್ಯವಾಗಿ 24 ಪಿಕ್ಸೆಲ್‌ಗಿಂತ ಚಿಕ್ಕದಿರಬಾರದು. ಇವನ್ನು ವಿನ್ಯಾಸದ ಮೊದಲ ದಿನವೇ ಹಿಡಿದರೆ ಏನೂ ಕಷ್ಟವಿಲ್ಲ. ಮುಗಿದ ಮೇಲೆ ಹಿಡಿದರೆ ಎಲ್ಲ ಬಿಚ್ಚಿ ಹೊಲಿಯಬೇಕಾಗುತ್ತದೆ. ವೆಬ್‌ಸೈಟ್ ಆಚೆಗೂ ಒಂದು ಮಾತು: ಮೆಟ್ಟಿಲಿಲ್ಲದ ದಾರಿ ಯಾವುದು, ಎತ್ತರ ಬದಲಿಸಬಹುದಾದ ಮೇಜು ಎಲ್ಲಿದೆ, ಪರದೆ ಓದುವ ಸಾಫ್ಟ್‌ವೇರ್ ಯಾವ ಕಂಪ್ಯೂಟರ್‌ನಲ್ಲಿದೆ, ಇದೆಲ್ಲ ಬರುವ ಮೊದಲೇ ಗೊತ್ತಾಗಬೇಕು.

ಸಾಫ್ಟ್‌ವೇರ್, ಕೋಣೆ, ಪ್ರಿಂಟ್

ಸಾಫ್ಟ್‌ವೇರ್ ಪಟ್ಟಿಯನ್ನು ಎಷ್ಟೋ ಕಡೆ ಅಕಾರಾದಿಯಲ್ಲಿ ಹಾಕಿ ಕೈತೊಳೆದುಕೊಳ್ಳುತ್ತಾರೆ. ಮ್ಯಾಟ್‌ಲ್ಯಾಬ್ ಬೇಕು ಎಂದು ಗೊತ್ತಿದ್ದವರಿಗೆ ಅದು ಸಾಕು. ಸಮೀಕ್ಷೆಯ ಅಂಕಿಅಂಶ ವಿಶ್ಲೇಷಣೆ ಮಾಡಬೇಕು, ಯಾವುದರಲ್ಲಿ ಎಂದು ತಿಳಿಯದವರಿಗೆ ಸಾಲದು. ಅವರು 'ಅಂಕಿಅಂಶ' ಎಂದು ಒತ್ತಿದರೆ ಎಸ್‌ಪಿಎಸ್‌ಎಸ್ ಮತ್ತು ಆರ್ ಎರಡೂ ಕಾಣಬೇಕು. ಪ್ರತಿ ಹೆಸರಿನ ಪಕ್ಕ ಯಾವ ಆವೃತ್ತಿ, ಯಾವ ಮಹಡಿಯ ಕಂಪ್ಯೂಟರ್, ಮನೆಯಿಂದ ಬಳಸಬಹುದಾ ಎಂಬುದಿರಬೇಕು. ಕೆಲವು ಲೈಸೆನ್ಸ್‌ಗಳು ಒಂದೇ ಸಲಕ್ಕೆ ಇಷ್ಟು ಜನ ಮಾತ್ರ ಎಂಬ ಮಿತಿ ಹಾಕುತ್ತವೆ. 25 ಜನರ ಮಿತಿ ಇದ್ದರೆ 26ನೆಯವನಿಗೆ ಕಂಪ್ಯೂಟರ್ ಖಾಲಿ ಸಿಕ್ಕರೂ ಸಾಫ್ಟ್‌ವೇರ್ ತೆರೆಯುವುದಿಲ್ಲ. ಕಾರಣ ಗೊತ್ತಿಲ್ಲದೆ ಅವನು ನಾಲ್ಕು ಕಂಪ್ಯೂಟರ್ ಬದಲಿಸುತ್ತಾನೆ.

ಈ ಪಟ್ಟಿಯನ್ನು ಕೈಯಿಂದ ಟೈಪ್ ಮಾಡಿದರೆ ಒಂದು ಸೆಮಿಸ್ಟರ್‌ನಲ್ಲಿ ಹಳತಾಗುತ್ತದೆ. ಐಟಿಯವರ ಬಳಿ ಯಾವ ಕಂಪ್ಯೂಟರ್‌ನಲ್ಲಿ ಏನಿದೆ ಎಂಬ ದಾಖಲೆ ತಾನಾಗಿ ಸಿದ್ಧವಾಗುತ್ತಿರುತ್ತದೆ. ಅದನ್ನು ಹಾಗೇ ಹಾಕಿದರೆ ಯಾರಿಗೂ ಬೇಡದ ರನ್‌ಟೈಮ್, ಡ್ರೈವರ್, ಅಪ್‌ಡೇಟ್‌ಗಳ ನೂರು ಹೆಸರು ಬಂದು ಬೀಳುತ್ತವೆ. ನಡುವೆ ಒಂದು ಸಣ್ಣ ಹಾಳೆ ಬೇಕು. ಆ ದಾಖಲೆಯ ಯಾವ ಹೆಸರು ತೋರಿಸಬೇಕು, ಜನರ ಮಾತಿನಲ್ಲಿ ಅದು ಏನು, ಯಾವ ಕೆಲಸಕ್ಕೆ, ಇಷ್ಟನ್ನು ಒಬ್ಬರು ಕೂತು ಬರೆದರೆ ಉಳಿದದ್ದನ್ನು ಯಂತ್ರ ಮಾಡಿಕೊಳ್ಳುತ್ತದೆ.

ಕೋಣೆ ಬುಕಿಂಗ್ ವ್ಯವಸ್ಥೆಯನ್ನು ಸ್ವಂತ ಬರೆಯಲು ಹೋಗಬೇಡಿ. ಲಿಬ್‌ಕ್ಯಾಲ್‌ನಂಥ ಖರೀದಿಸುವವೂ ಇವೆ, ಎಂಆರ್‌ಬಿಎಸ್‌ನಂಥ ಉಚಿತವಾದವೂ ಇವೆ. ಇಬ್ಬರು ಒಂದೇ ಕ್ಷಣದಲ್ಲಿ ಒಂದೇ ಕೋಣೆ ಒತ್ತಿದರೆ ಏನು ಮಾಡಬೇಕೆಂಬುದನ್ನು ಅವು ಮೊದಲೇ ಬಗೆಹರಿಸಿಕೊಂಡಿವೆ. ನೀವು ಯೋಚಿಸಬೇಕಾದ್ದು ಬುಕ್ ಮಾಡಿ ಬಾರದೆ ಇರುವವರ ಬಗ್ಗೆ. ಬಾಗಿಲ ಮೇಲೆ ಕ್ಯೂಆರ್ ಕೋಡ್ ಇಟ್ಟು, 15 ನಿಮಿಷದೊಳಗೆ ಸ್ಕ್ಯಾನ್ ಮಾಡದಿದ್ದರೆ ಕೋಣೆ ಬೇರೆಯವರಿಗೆ ಎಂದರೆ ಅರ್ಧ ಜಗಳ ತಪ್ಪುತ್ತದೆ. ರದ್ದು ಮಾಡುವ ಲಿಂಕ್ ಇಮೇಲ್‌ನಲ್ಲೇ ಇರಲಿ.

ಪ್ರಿಂಟ್ ಬಗ್ಗೆ ಒಂದು ಪುಟ ಸಾಕು. ಆದರೆ ಅದನ್ನು ಬರೆಯುವವರು ಬರೆಯುವ ಮೊದಲು ಸ್ವತಃ ತಮ್ಮ ಫೋನ್‌ನಿಂದ ಒಂದು ಪ್ರಿಂಟ್ ತೆಗೆದಿರಬೇಕು. ತೆಗೆದವರು ಬರೆದ ಪುಟ ಮತ್ತು ತೆಗೆಯದವರು ಬರೆದ ಪುಟ ಮೊದಲ ಸಾಲಿನಲ್ಲೇ ಬೇರೆಯಾಗಿರುತ್ತವೆ.

ಬೆಳಿಗ್ಗೆ ಎಂಟಕ್ಕೆ ಯಾರು?

ವೆಬ್‌ಸೈಟ್ ಕಟ್ಟಲು ಯಾವ ಸಾಫ್ಟ್‌ವೇರ್, ದ್ರುಪಲ್ಲೋ, ವರ್ಡ್‌ಪ್ರೆಸ್ಸೋ, ಲಿಬ್‌ಗೈಡ್ಸೋ ಎಂದು ತಿಂಗಳುಗಟ್ಟಲೆ ವಾದ ನಡೆಯುತ್ತದೆ. ನನ್ನ ಲೆಕ್ಕದಲ್ಲಿ ವಿಶ್ವವಿದ್ಯಾಲಯ ಈಗಾಗಲೇ ಯಾವುದನ್ನು ಬಳಸುತ್ತಿದೆಯೋ ಅದೇ ಸರಿ. ಖಾಲಿ ಲೆಕ್ಕದ ಭಾಗವನ್ನು ಮಾತ್ರ ಬೇರೆ ಪುಟ್ಟ ಪ್ರೋಗ್ರಾಂ ಆಗಿ ಇಟ್ಟರೆ ನಾಳೆ ಉಳಿದದ್ದು ಬದಲಾದರೂ ಅದು ನಡೆಯುತ್ತಿರುತ್ತದೆ. ಮುಖ್ಯ ಪ್ರಶ್ನೆ ಬೇರೆ. ಬೆಳಿಗ್ಗೆ ಎಂಟಕ್ಕೆ ನೀರಿನ ಪೈಪ್ ಒಡೆದು ಕೆಳ ಮಹಡಿ ಮುಚ್ಚಿದರೆ, ಮುಖಪುಟಕ್ಕೆ ಆ ಒಂದು ಸಾಲು ಹಾಕುವುದು ಯಾರು? ಆ ಹೊತ್ತಿಗೆ ಕೌಂಟರ್‌ನಲ್ಲಿ ಇರುವವರಿಗೆ ಹಾಕುವ ಅಧಿಕಾರವೂ ಪಾಸ್‌ವರ್ಡೂ ಇರಬೇಕು. ವೆಬ್ ಸಮಿತಿಯ ಒಪ್ಪಿಗೆಗೆ ಕಾಯುವಂತಿದ್ದರೆ ಆ ಸಾಲು ಬರುವಷ್ಟರಲ್ಲಿ ಪೈಪ್ ರಿಪೇರಿ ಮುಗಿದಿರುತ್ತದೆ.

ಪ್ರತಿ ಪುಟಕ್ಕೂ ಒಬ್ಬ ಹೊಣೆಗಾರ ಇರಲಿ, ವಿಭಾಗದ ಹೆಸರಲ್ಲ, ಒಬ್ಬ ವ್ಯಕ್ತಿಯ ಹೆಸರು. ಜೊತೆಗೆ ಮತ್ತೆ ಪರಿಶೀಲಿಸಬೇಕಾದ ದಿನಾಂಕ. ದಿನಾಂಕ ದಾಟಿದರೆ ಅವರಿಗೆ ತಾನಾಗಿ ಇಮೇಲ್ ಹೋಗಲಿ. ಹೊಣೆ ಹೊರಲು ಯಾರೂ ಸಿಗದ ಪುಟವನ್ನು ಮಾಡುವುದೇ ಬೇಡ.

ಅರ್ಧ ಸಿದ್ಧವಾದಾಗಲೇ ಜನರಿಗೆ ಕೊಟ್ಟು ನೋಡಬೇಕು. ಐದು ಜನ ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಕೂರಿಸಿ, 'ನಾಳೆ ಮಧ್ಯಾಹ್ನ ನಾಲ್ಕು ಜನಕ್ಕೆ ಕೋಣೆ ಬೇಕು, ಮಾಡಿ ನೋಡೋಣ' ಎಂದು ಹೇಳಿ ಬಾಯಿ ಮುಚ್ಚಿಕೊಂಡಿರಿ. ಬಾಯಿ ಮುಚ್ಚಿಕೊಳ್ಳುವುದೇ ಇದರಲ್ಲಿ ಕಷ್ಟದ ಭಾಗ. ಐದು ಜನರ ಸಂಖ್ಯೆ ಸುಮ್ಮನೆ ಹೇಳಿದ್ದಲ್ಲ. ವೆಬ್‌ಸೈಟ್‌ಗಳ ಬಳಕೆ ಎಷ್ಟು ಸುಲಭ ಎಂದು ಪರೀಕ್ಷಿಸುವ ತಜ್ಞ ಜೇಕಬ್ ನೀಲ್ಸನ್ 2000ದಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಒಬ್ಬ ಬಳಕೆದಾರ ಸರಾಸರಿ 31 ಶೇಕಡಾ ತೊಡಕುಗಳನ್ನು ಬಯಲು ಮಾಡಿದರೆ ಐದು ಜನ ಸುಮಾರು 85 ಶೇಕಡಾ ಬಯಲು ಮಾಡುತ್ತಾರೆ. ಎಲ್ಲ ವೆಬ್‌ಸೈಟ್‌ಗೂ ಈ ಅಂಕಿ ಹಾಗೇ ಹೊಂದುವುದಿಲ್ಲ. ಆದರೆ 15 ಜನರನ್ನು ಒಂದೇ ಸಲ ಕೂರಿಸುವ ಬದಲು ಐದೈದು ಜನರಂತೆ ಮೂರು ಸಲ, ನಡುನಡುವೆ ಸರಿಮಾಡುತ್ತ ಹೋಗುವುದು ಒಳ್ಳೆಯದು ಎಂಬ ಅವರ ಸಲಹೆ ಇವತ್ತಿಗೂ ನಡೆಯುತ್ತದೆ. ಐವರಲ್ಲಿ ಒಬ್ಬರಾದರೂ ಮೊದಲ ವರ್ಷದವರಿರಲಿ, ಒಬ್ಬರು ಪರದೆ ಓದುವ ಸಾಫ್ಟ್‌ವೇರ್ ಬಳಸುವವರಿರಲಿ.

ಹೊಸದನ್ನು ತೆರೆಯುವ ದಿನ ಪರೀಕ್ಷೆಯ ವಾರದಲ್ಲಿ ಬೀಳಬಾರದು. ರಜೆಯಲ್ಲಿ ತೆರೆದು, ಸೆಮಿಸ್ಟರ್ ಶುರುವಾಗುವ ಮೊದಲು ಒಂದು ವಾರ ಸಿಬ್ಬಂದಿಯೇ ಬಳಸಿ ನೋಡಲಿ. ಹಳೆಯ ವಿಳಾಸಗಳನ್ನು ಅಳಿಸದೆ, 301 ಎಂಬ ಸೂಚನೆಯೊಂದಿಗೆ ಹೊಸ ಪುಟಗಳಿಗೆ ತಿರುಗಿಸಬೇಕು. ಇಲ್ಲದಿದ್ದರೆ ಅಧ್ಯಾಪಕರು ಪಠ್ಯಸೂಚಿಯಲ್ಲಿ ಕೊಟ್ಟ ಲಿಂಕ್‌ಗಳೆಲ್ಲ 404, ಅಂದರೆ ಪುಟ ಸಿಗಲಿಲ್ಲ ಎಂದು ಬಾಗಿಲು ಮುಚ್ಚುತ್ತವೆ. ಹಾಲ್‌ನಲ್ಲಿ ಅಂಟಿಸಿದ ಕ್ಯೂಆರ್ ಕೋಡ್‌ಗಳು ಎಲ್ಲಿಗೆ ಹೋಗುತ್ತವೆ ಎಂಬುದನ್ನೂ ಒಂದೊಂದಾಗಿ ನೋಡಿ, ಅದು ಎಲ್ಲರೂ ಮರೆಯುವ ಕೆಲಸ.

ತೆರೆದ ಎರಡು ತಿಂಗಳಿಗೆ ಕೌಂಟರ್ ಪಕ್ಕದ ನೋಟ್‌ಬುಕ್ ಮತ್ತೆ ಹೊರಬರಲಿ. ಮೊದಲ ನೋಟ್‌ಬುಕ್‌ನಲ್ಲಿ 'ಎಷ್ಟು ಹೊತ್ತಿನವರೆಗೆ ಇರುತ್ತೀರಿ' ಎಂಬ ಪ್ರಶ್ನೆ ಎಷ್ಟು ಸಲ ಬಂದಿತ್ತು, ಈಗ ಎಷ್ಟು ಸಲ ಎಂದು ಹೋಲಿಸಿ. ಪುಟವನ್ನು ಎಷ್ಟು ಜನ ನೋಡಿದರು ಎಂಬ ಅಂಕಿಗಿಂತ ಈ ಹೋಲಿಕೆ ಜಾಸ್ತಿ ಹೇಳುತ್ತದೆ. ಆಮೇಲೆ ಫೋನ್ ಹಿಡಿದು ಹಾಲ್‌ನಲ್ಲಿ ಇನ್ನೊಂದು ಸುತ್ತು ಹಾಕಿ. ಪ್ರಿಂಟರ್ ಮೇಲೆ ಹೊಸ ಚೀಟಿ ಅಂಟಿಸಿದ್ದು ಕಂಡರೆ ಕೀಳಬೇಡಿ. ಅದರಲ್ಲಿ ಬರೆದದ್ದನ್ನು ಮೊದಲು ಪ್ರಿಂಟ್ ಪುಟಕ್ಕೆ ಸೇರಿಸಿ, ಆಮೇಲೆ ಬರೆದವರನ್ನು ಹುಡುಕಿ ಕೇಳಿ, ಇನ್ನೇನು ಬಾಕಿ ಇದೆ ಅಂತ.